ಆಲದ ಜಾತಿಯ ಮರಗಳ ಸಹಜ ಶೈಲಿಯ ಬೋನ್ಸಾಯ್

ಆಲದ ಜಾತಿಯ ಮರಗಳ ಸಹಜ ಶೈಲಿಯ ಬೋನ್ಸಾಯ್ ಎಂಬುದು ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಪಿಲಾಲ ಮೊದಲಾದ ಫೈಕಸ್ ಕುಲದ ಮರಗಳನ್ನು ಕುಂಡದಲ್ಲಿ ಕುಬ್ಜವಾಗಿ ಬೆಳೆಸಿ, ಅವು ಬಯಲಿನಲ್ಲಿ ಮುಪ್ಪಾದಾಗ ಪಡೆಯುವ ಸ್ವಂತ ಆಕಾರಕ್ಕೆ ತರುವ ಪದ್ಧತಿಯಾಗಿದೆ. ಜಪಾನಿನ ಪೈನ್ ಮರವನ್ನು ಆದರ್ಶವಾಗಿಟ್ಟುಕೊಂಡು ರೂಪುಗೊಂಡ ಶಾಸ್ತ್ರೀಯ ಶೈಲಿಗಳನ್ನು ಎಲ್ಲ ಮರಗಳಿಗೂ ಹೇರುವುದಕ್ಕೆ ಬದಲಾಗಿ, ಆಯಾ ಮರದ ಬೆಳವಣಿಗೆಯ ಕ್ರಮವನ್ನೇ ಪ್ರಮಾಣವೆಂದು ಸ್ವೀಕರಿಸುವುದು ಈ ಪದ್ಧತಿಯ ಮೂಲತತ್ತ್ವ. ಕರ್ನಾಟಕದ ಹವೆಯಲ್ಲಿ ಬೋನ್ಸಾಯ್ ಕಲೆಗೆ ಅತ್ಯಂತ ಒಗ್ಗುವ ಮರಗಳು ಇವೇ. ಇವುಗಳಿಗೆ ಬೇಕಾದ ಜೀವಂತ ಮಾದರಿಗಳು ಊರ ಮುಂದಿನ ಕಟ್ಟೆಗಳಲ್ಲಿ, ಸಾಲುಮರಗಳ ರಸ್ತೆಗಳಲ್ಲಿ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಧಾರಾಳವಾಗಿ ಕಾಣಸಿಗುತ್ತವೆ.

ಹೆಸರು ಮತ್ತು ಹಿನ್ನೆಲೆ

ಬೋನ್ಸಾಯ್ ಎಂಬುದು ಜಪಾನೀ ಪದ. ‘ಬೋನ್’ ಎಂದರೆ ತಟ್ಟೆಯಂಥ ಆಳವಿಲ್ಲದ ಪಾತ್ರೆ, ‘ಸಾಯ್’ ಎಂದರೆ ನೆಡುವುದು. ಕಲೆಯ ಮೂಲ ಚೀನಾದ್ದು. ಅಲ್ಲಿ ಪಾತ್ರೆಯೊಳಗೆ ಗಿಡ, ಕಲ್ಲು, ನೀರುಗಳನ್ನು ಜೋಡಿಸಿ ರಚಿಸುವ ಕಿರುದೃಶ್ಯಕ್ಕೆ ಪೆನ್‌ಜಿಂಗ್ ಎಂದು ಹೆಸರು. ತಾಂಗ್ ವಂಶದ ರಾಜಕುಮಾರ ಜಾಂಗ್‌ಹುವಾಯ್‌ನ ಸಮಾಧಿಯಲ್ಲಿ, ಸುಮಾರು ಕ್ರಿ.ಶ. 706ರ ಭಿತ್ತಿಚಿತ್ರವೊಂದರಲ್ಲಿ, ಇಂಥ ಪಾತ್ರೆಯನ್ನು ಕೈಯಲ್ಲಿ ಹಿಡಿದು ನಿಂತ ಪರಿಚಾರಕರನ್ನು ಚಿತ್ರಿಸಲಾಗಿದೆ. ಬೋನ್ಸಾಯ್ ಭಾರತದಲ್ಲಿಯೇ ಹುಟ್ಟಿತು, ವೈದ್ಯರು ಔಷಧಿಯ ಮರಗಳನ್ನು ಕುಂಡಗಳಲ್ಲಿ ಕುಬ್ಜವಾಗಿ ಬೆಳೆಸುತ್ತಿದ್ದರು, ಅದಕ್ಕೆ ವಾಮನ ವೃಕ್ಷ ವಿದ್ಯೆ ಎಂಬ ಹೆಸರಿತ್ತು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಅಭಿಮಾನಕ್ಕೆ ಹಿತವಾದ ಮಾತು ಹೌದಾದರೂ ಅದಕ್ಕೆ ಒದಗಿಸುವ ಆಧಾರಗಳು ದುರ್ಬಲವಾಗಿವೆ. ವಿದ್ಯಾರ್ಥಿಗಳು ಅದನ್ನು ಇತಿಹಾಸವೆಂದು ಬರೆಯದಿರುವುದು ಲೇಸು.

ಜಪಾನಿನಲ್ಲಿ ಈ ಕಲೆ ಬೆಳೆದಂತೆ ಶೈಲಿಗಳು ಹೆಸರು ಪಡೆದವು: ನೇರ ನಿಂತ ಚೊಕ್ಕನ್, ಬಳುಕುತ್ತ ಮೇಲೇರುವ ಮೊಯೋಗಿ, ಓರೆಯಾದ ಶಕನ್, ಪ್ರಪಾತಕ್ಕೆ ಬಾಗಿದ ಕೆಂಗಾಯ್, ಗಾಳಿಗೆ ಒಂದೇ ಕಡೆಗೆ ತೂಗಿದ ಫುಕಿನಾಗಶಿ. ಇವುಗಳಲ್ಲಿ ಹೆಚ್ಚಿನವು ಬೆಟ್ಟದ ಮೇಲಿನ ಪೈನ್ ಮತ್ತು ಜೂನಿಪರ್ ಮರಗಳನ್ನು ನೋಡಿ ಕಂಡುಕೊಂಡ ರೂಪಗಳು. ತ್ರಿಕೋನಾಕಾರದ ನೆತ್ತಿ, ಕೆಳಕ್ಕೆ ಬಾಗಿದ ಕೊಂಬೆಗಳು, ಮೋಡದ ತುಣುಕುಗಳಂತೆ ಬಿಡಿಬಿಡಿಯಾದ ಎಲೆಗುಂಪುಗಳು ಅವುಗಳ ಲಕ್ಷಣ. ಕೊಂಬೆ ಕೆಳಕ್ಕೆ ಬಾಗಿರುವುದಕ್ಕೆ ಆ ನಾಡಿನಲ್ಲಿ ಕಾರಣವಿದೆ: ವರ್ಷವರ್ಷವೂ ಹಿಮದ ಭಾರ ಹೊತ್ತು ಹೊತ್ತು ಹಳೆಯ ಪೈನ್ ಮರದ ಕೊಂಬೆಗಳು ಇಳಿಬಿದ್ದಿರುತ್ತವೆ. ಆದರೆ ಹಿಮವನ್ನೇ ಕಾಣದ ಬಯಲುಸೀಮೆಯ ಆಲಕ್ಕೆ ತಂತಿ ಸುತ್ತಿ ಅದೇ ಬಾಗು ಕೊಟ್ಟರೆ ಅದು ಆಲವೂ ಅಲ್ಲ, ಪೈನೂ ಅಲ್ಲ ಎಂಬಂಥ ರೂಪವಾಗುತ್ತದೆ. ನಮ್ಮ ನರ್ಸರಿಗಳಲ್ಲಿ ಮಾರಾಟಕ್ಕಿರುವ ಫೈಕಸ್ ಬೋನ್ಸಾಯ್‌ಗಳಲ್ಲಿ ಬಹುಪಾಲು ಈ ಬಗೆಯವು. ಇಂಗ್ಲಿಷ್‌ನ ‘ಎಸ್’ ಅಕ್ಷರದಂತೆ ಬಳುಕಿಸಿದ ಕಾಂಡದವು ಒಂದು ವರ್ಗ. ಗೆಡ್ಡೆಯಂತೆ ಊದಿದ ಬೇರುಗಳ ಮೇಲೆ ಬೇರೆ ತಳಿಯ ಟಿಸಿಲು ಕಸಿ ಮಾಡಿದ ‘ಫೈಕಸ್ ಜಿನ್ಸೆಂಗ್’ ಇನ್ನೊಂದು ವರ್ಗ.

ಸಹಜ ಶೈಲಿ

ಶಾಸ್ತ್ರೀಯ ನಿಯಮಗಳಿಗಿಂತ ನಿಜವಾದ ಮರದ ಅವಲೋಕನಕ್ಕೆ ಪ್ರಾಶಸ್ತ್ಯ ಕೊಡಬೇಕೆಂಬ ವಿಚಾರವನ್ನು ಇತ್ತೀಚಿನ ದಶಕಗಳಲ್ಲಿ ಬಲವಾಗಿ ಮಂಡಿಸಿದವರಲ್ಲಿ ಆಸ್ಟ್ರಿಯಾ ಮೂಲದ, ಜರ್ಮನಿಯಲ್ಲಿ ನೆಲೆಸಿದ ವಾಲ್ಟರ್ ಪಾಲ್ ಪ್ರಮುಖರು. ದಕ್ಷಿಣ ಆಫ್ರಿಕಾದಲ್ಲಿ ಚಾರ್ಲ್ಸ್ ಸೆರೋನಿಯೊ ತಮ್ಮ ನಾಡಿನ ಬಯಲುಗಳ ಮರಗಳನ್ನು ನೋಡಿ ಹೊಸ ಶೈಲಿಗಳನ್ನು ಗುರುತಿಸಿದರು. ಬಾವೊಬಾಬ್ ಶೈಲಿ ಅವುಗಳಲ್ಲೊಂದು. ಕೊಡೆಯಂತೆ ಹರಡಿದ ಜಾಲಿಯ ರೂಪಕ್ಕೆ, ಅಂಥ ಮರಗಳನ್ನು ತಮ್ಮ ಭೂದೃಶ್ಯಗಳಲ್ಲಿ ಚಿತ್ರಿಸಿದ ಕಲಾವಿದ ಪಿಯರ್ನೀಫ್ ಅವರ ಹೆಸರು ಬಂದಿದೆ.

ಸಹಜ ಶೈಲಿ ಎಂದರೆ ಗಿಡವನ್ನು ಅದರ ಪಾಡಿಗೆ ಬಿಡುವುದಲ್ಲ. ಹಾಗೆ ಬಿಟ್ಟ ಗಿಡ ಕುಂಡದಲ್ಲಿ ಬೆಳೆದ ಪೊದೆಯಾಗುತ್ತದೆಯೇ ಹೊರತು ಮರವಾಗುವುದಿಲ್ಲ. ಸವರುವುದು, ತಂತಿ ಕಟ್ಟುವುದು, ಬೇರು ಕತ್ತರಿಸುವುದು ಎಲ್ಲವೂ ಇಲ್ಲಿಯೂ ಉಂಟು. ಕೆಲಸ ಮುಗಿದ ಮೇಲೆ ಕೈಗುರುತು ಕಾಣಬಾರದು ಎಂಬುದಷ್ಟೇ ವ್ಯತ್ಯಾಸ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ತಲೆಯ ಮೇಲೆ ಶಿಲ್ಪಿಗಳು ಕಡೆದಿರುವ ಎಲೆಬಳ್ಳಿಗಳ ಚಪ್ಪರವನ್ನು ನೆನೆದರೆ ಇದರ ವಿರುದ್ಧ ದಿಕ್ಕು ತಿಳಿಯುತ್ತದೆ. ಅಲ್ಲಿ ಮರ ಪೂರ್ತಿಯಾಗಿ ಅಲಂಕಾರವಾಗಿದೆ, ಅದರ ಸೊಗಸು ಇರುವುದೂ ಅದರಲ್ಲಿಯೇ. ಕಲ್ಲಿಗೆ ಒಪ್ಪುವ ಆ ನ್ಯಾಯ ಜೀವಂತ ಮರಕ್ಕೆ ಒಪ್ಪಲೇಬೇಕೆಂದೇನೂ ಇಲ್ಲ.

ಬೋಳು ಸೈಪ್ರೆಸ್‌ನ ನಿದರ್ಶನ

ಒಂದು ನಾಡಿನ ಮರ ತನ್ನದೇ ಶೈಲಿಯನ್ನು ಪಡೆದುಕೊಂಡ ಬಗೆಗೆ ಅತ್ಯುತ್ತಮ ನಿದರ್ಶನ ಅಮೆರಿಕದ ಬೋಳು ಸೈಪ್ರೆಸ್. ಇದರ ಸಸ್ಯಶಾಸ್ತ್ರೀಯ ಹೆಸರು ಟ್ಯಾಕ್ಸೋಡಿಯಮ್ ಡಿಸ್ಟಿಕಮ್. ಅಮೆರಿಕದ ಆಗ್ನೇಯ ಭಾಗದ ಜೌಗುನೆಲಗಳಲ್ಲಿ, ನೀರಿನೊಳಗೇ ನಿಂತು ಬೆಳೆಯುವ ಈ ಮರ ಶಂಕುಧಾರಿ ವರ್ಗಕ್ಕೆ ಸೇರಿದ್ದರೂ ಚಳಿಗಾಲದಲ್ಲಿ ಎಲೆಗಳನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಹೆಸರು ಬಂದದ್ದು ಅದರಿಂದಲೇ. ಬುಡ ಅಗಲವಾಗಿ ಏಣೇಣಾಗಿ ಹರಡಿರುತ್ತದೆ. ಬೇರುಗಳಿಂದ ‘ಮಂಡಿ’ಗಳೆಂದು ಕರೆಯುವ ಮೊಳಕೆಗಂಬಗಳು ನೀರಿನ ಮೇಲೆ ಏಳುತ್ತವೆ. ಉತ್ತರ ಕ್ಯಾರೊಲೈನಾದ ಬ್ಲ್ಯಾಕ್ ನದಿಯ ತೀರದ ಒಂದು ಬೋಳು ಸೈಪ್ರೆಸ್‌ಗೆ ಕನಿಷ್ಠ 2,624 ವರ್ಷ ವಯಸ್ಸಾಗಿದೆಯೆಂದು ವಾರ್ಷಿಕ ಉಂಗುರಗಳ ಅಧ್ಯಯನ ನಡೆಸಿದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಲೂಯಿಸಿಯಾನಾ ರಾಜ್ಯದ ಅಧಿಕೃತ ಮರವೂ ಇದೇ.

ಎಳೆಯ ಬೋಳು ಸೈಪ್ರೆಸ್ ಗೋಪುರದಂತೆ ಚೂಪಾಗಿರುತ್ತದೆ. ಮುಪ್ಪಾದಂತೆ ಬಿರುಗಾಳಿ ಸಿಡಿಲುಗಳಿಗೆ ತುದಿ ಮುರಿದು, ಕೆಳಗಿನ ಕೊಂಬೆಗಳು ನೆರಳಿನಲ್ಲಿ ಸೊರಗಿ ಉದುರಿ, ಮೇಲಿನ ನಾಲ್ಕಾರು ಕೊಂಬೆಗಳು ಅಡ್ಡಲಾಗಿ ಚಾಚಿಕೊಂಡು ನೆತ್ತಿ ಚಪ್ಪಟೆಯಾಗುತ್ತದೆ. ನ್ಯೂ ಆರ್ಲಿಯನ್ಸ್‌ನ ವಾನ್ ಬ್ಯಾಂಟಿಂಗ್ ಈ ಮುಪ್ಪಿನ ರೂಪವನ್ನೇ ಕುಂಡಕ್ಕೆ ತಂದರು. ‘ಚಪ್ಪಟೆ ನೆತ್ತಿ’ಯ ಶೈಲಿ ಎಂದು ಅದು ಪ್ರಸಿದ್ಧವಾಯಿತು, ಅವರು ಬೆಳೆಸಿದ ಮರವೊಂದು ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಮತ್ತು ಪೆನ್‌ಜಿಂಗ್ ವಸ್ತುಸಂಗ್ರಹಾಲಯವನ್ನು ಸೇರಿದೆ. ಎಳೆಯ ಸೈಪ್ರೆಸ್‌ನ ಗೋಪುರದ ರೂಪ ಪೈನ್ ಮಾದರಿಯ ತ್ರಿಕೋನಕ್ಕೆ ಸುಲಭವಾಗಿ ಹೊಂದುತ್ತಿತ್ತು. ಆ ಸುಲಭದ ದಾರಿಯನ್ನು ಬಿಟ್ಟು, ಮರದ ಕೆಳಗಿನ ಮುಕ್ಕಾಲು ಭಾಗದ ಕೊಂಬೆಗಳನ್ನು ತೆಗೆದು ನೆತ್ತಿಯನ್ನು ಚಪ್ಪಟೆ ಮಾಡುವುದು ಆಗಿನ ಪಠ್ಯನಿಯಮಗಳ ಪ್ರಕಾರ ತಪ್ಪೇ ಆಗಿತ್ತು. ಆದರೆ ಆ ಜೌಗುನಾಡಿನವರು ಕುಂಡದಲ್ಲಿ ತಮ್ಮ ಮರವನ್ನು ಗುರುತಿಸಿದ್ದು ಆ ರೂಪದಲ್ಲಿಯೇ.

ಆಲದ ವಿಷಯದಲ್ಲಿಯೂ ಪ್ರಶ್ನೆ ಇದೇ: ಈ ಮರ ಮುಪ್ಪಾದಾಗ ಏನಾಗುತ್ತದೆ?

ಮಾದರಿ ಮರಗಳು

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯಿಂದ ಒಳಗಿರುವ ಕೇತೋಹಳ್ಳಿಯ ‘ದೊಡ್ಡ ಆಲದ ಮರ’ ಸುಮಾರು 400 ವರ್ಷ ಹಳೆಯದೆಂದು ಪರಿಗಣಿತವಾಗಿದ್ದು, ಸುಮಾರು 3 ಎಕರೆ ನೆಲವನ್ನು ಆವರಿಸಿದೆ. ಇದರ ಮೂಲ ಕಾಂಡ ರೋಗಕ್ಕೆ ತುತ್ತಾಗಿ ನಾಶವಾಗಿದೆ. ಈಗ ಉಳಿದಿರುವುದು ಬಿಳಲುಗಳೇ ಕಾಂಡಗಳಾಗಿ ನಿಂತ ತೋಪು. ಕೋಲ್ಕತ್ತದ ಸಮೀಪ ಹೌರಾದ ಸಸ್ಯೋದ್ಯಾನದ ಮಹಾ ಆಲದ ಕಥೆಯೂ ಇದೇ ಬಗೆಯದು. ಶಿಲೀಂಧ್ರ ತಗುಲಿದ ಅದರ ಮೂಲ ಕಾಂಡವನ್ನು 1925ರಲ್ಲಿ ತೆಗೆದುಹಾಕಲಾಯಿತು, ಮರ ಮಾತ್ರ ಹರಡುತ್ತಲೇ ಹೋಯಿತು. ಕರ್ನಾಟಕದ ಗಡಿಗೆ ಹತ್ತಿರವಾಗಿ, ಆಂಧ್ರಪ್ರದೇಶದ ಕದಿರಿ ಬಳಿಯಿರುವ ತಿಮ್ಮಮ್ಮ ಮರ್ರಿಮಾನು ಎಂಬ ಆಲ ಅತಿ ವಿಸ್ತಾರವಾದ ಹರಹಿಗಾಗಿ ಗಿನ್ನೆಸ್ ದಾಖಲೆಯನ್ನು ಸೇರಿದೆ. ಆಲವೆಂಬುದು ಒಂದು ಕಾಂಡದ ಸುತ್ತ ಕಟ್ಟಿದ ರಚನೆಯಲ್ಲ, ನಡುವೆ ಖಾಲಿಯಾದರೂ ಅಂಚಿನಲ್ಲಿ ಬೆಳೆಯುತ್ತಲೇ ಇರುವ ಚಪ್ಪರ ಎಂಬುದನ್ನು ಈ ಮೂರೂ ಮರಗಳು ತೋರಿಸುತ್ತವೆ. ಮುಖ್ಯ ಕಾಂಡವೇ ಇಲ್ಲದ ಬೋನ್ಸಾಯ್‌ಗೆ ಜಪಾನೀ ಶೈಲಿಗಳ ಪಟ್ಟಿಯಲ್ಲಿ ಸುಲಭವಾಗಿ ಸ್ಥಾನ ಸಿಗುವುದಿಲ್ಲ. ಆಲದ ಮಟ್ಟಿಗೆ ಅದು ಅತ್ಯಂತ ಪ್ರಾಮಾಣಿಕ ರೂಪಗಳಲ್ಲೊಂದು.

ರಸ್ತೆ ಬದಿಯ ಆಲದ ರೂಪ ಬೇರೆ. ಬಿಳಲುಗಳು ನೆಲ ಮುಟ್ಟುವ ಮೊದಲೇ ದನಕರುಗಳ ಬಾಯಿಗೋ ದಾರಿಹೋಕರ ಕತ್ತಿಗೋ ಸಿಗುವುದರಿಂದ, ಅಂಥ ಮರ ಸಾಮಾನ್ಯವಾಗಿ ಒಂದೇ ದಪ್ಪ ಕಾಂಡ, ಅದಕ್ಕೆ ಅಂಟಿಕೊಂಡಂತೆ ಹೆಣೆದ ಬೇರುಗಳು, ಮೇಲೆ ಗುಮ್ಮಟದಂಥ ನೆತ್ತಿ ಹೊಂದಿರುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರುಗಳ ನಡುವೆ ಸಾಲುಮರದ ತಿಮ್ಮಕ್ಕ ತಮ್ಮ ಪತಿಯೊಡನೆ ನೆಟ್ಟು ಬೆಳೆಸಿದ 385 ಆಲದ ಮರಗಳ ಸಾಲನ್ನು ಈ ದೃಷ್ಟಿಯಿಂದ ನೋಡಬಹುದು. ಅವರಿಗೆ 2019ರಲ್ಲಿ ಪದ್ಮಶ್ರೀ ಸಂದಿತು. ಒಂದೇ ಜಾತಿಯ ಮರಗಳು ಒಂದೇ ರಸ್ತೆಯಲ್ಲಿದ್ದರೂ ಕೊಂಬೆ ಕವಲೊಡೆಯುವ ಎತ್ತರ, ಬುಡದ ಹರಹು ಒಂದರಂತೆ ಒಂದಿಲ್ಲ. ಬೋನ್ಸಾಯ್ ಕಲಿಯುವವರಿಗೆ ಇಂಥ ಸಾಲಿನ ಉದ್ದಕ್ಕೂ ನಡೆದು ಹತ್ತು ಮರಗಳ ರೇಖಾಚಿತ್ರ ಬಿಡಿಸಿಕೊಳ್ಳುವುದು ಒಂದು ಪುಸ್ತಕ ಓದುವುದಕ್ಕಿಂತ ಹೆಚ್ಚು ಉಪಯುಕ್ತ.

ಮೂರನೆಯ ಮಾದರಿ ಕಾಫಿ ತೋಟದ್ದು. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಅದರಾಚೆ ಸಕಲೇಶಪುರ, ಮೂಡಿಗೆರೆಗಳ ತೋಟಗಳಲ್ಲಿ ಅತ್ತಿ, ಬಸರಿ, ಗೋಣಿ ಮರಗಳನ್ನು ಮೇಲ್ನೆರಳಿಗಾಗಿ ಹಿಂದಿನಿಂದಲೂ ಉಳಿಸಿಕೊಂಡು ಬರಲಾಗಿದೆ. ಮಳೆಗಾಲಕ್ಕೆ ಮುನ್ನ ತೋಟಕ್ಕೆ ಬೆಳಕು ಬೀಳುವಂತೆ ಕೊಂಬೆಗಳನ್ನು ಸವರುವ ಕೆಲಸಕ್ಕೆ ಮರಗಸಿ ಎನ್ನುತ್ತಾರೆ. ವರ್ಷವರ್ಷವೂ ಮರಗಸಿಗೆ ಒಳಗಾದ ಮರದ ಕೆಳಭಾಗ ಬೋಳಾಗಿ, ಕೊಂಬೆಗಳು ಬಹಳ ಎತ್ತರದಲ್ಲಿ ಕವಲೊಡೆದು, ಪ್ರತಿಯೊಂದು ಕಡಿದ ಜಾಗದಲ್ಲಿ ಗಂಟುಕಟ್ಟಿ, ಅಲ್ಲಿಂದ ಹೊಸ ರೆಂಬೆಗಳು ದಿಕ್ಕು ಬದಲಿಸಿ ಹೊರಟಿರುತ್ತವೆ. ಬೋನ್ಸಾಯ್‌ನಲ್ಲಿ ‘ಕತ್ತರಿಸಿ ಬೆಳೆಸುವ’ ಕ್ರಮವೆಂದು ಕರೆಯುವುದು, ಚೀನಾದ ಲಿಂಗ್ನಾನ್ ಪಂಥದವರು ತಂತಿಯಿಲ್ಲದೆ ಸಾಧಿಸುವುದು, ಇದೇ ಪ್ರಕ್ರಿಯೆಯ ಕಿರುರೂಪ. ಯಾವ ಕಣ್ಣಿನ ಮೇಲೆ ಕಡಿದರೆ ಚಿಗುರು ಯಾವ ಕಡೆಗೆ ಹೊರಡುತ್ತದೆ ಎಂಬುದನ್ನು ತೋಟದ ಅನುಭವಿ ಕೆಲಸಗಾರರು ಯಾವ ತರಬೇತಿ ಶಿಬಿರವೂ ಇಲ್ಲದೆ ಬಲ್ಲರು.

ಬಳಕೆಯ ಜಾತಿಗಳು

ಆಲ (ಫೈಕಸ್ ಬೆಂಗಾಲೆನ್ಸಿಸ್) ಹೆಸರಿಗೆ ರಾಜನಾದರೂ ಕುಂಡದಲ್ಲಿ ಹಟಮಾರಿ. ಎಲೆ ಒಂದು ಗೇಣಿಗೆ ಸಮೀಪವಾಗಿರುತ್ತದೆ. ಎಲೆ ಕಳಚುವ ವಿಧಾನದಿಂದ ಅದನ್ನು ಕಿರಿದುಗೊಳಿಸಬಹುದಾದರೂ ಪುಟ್ಟ ಬೋನ್ಸಾಯ್‌ಗೆ ಹೊಂದುವಷ್ಟು ಆಗುವುದಿಲ್ಲ. ಆದ್ದರಿಂದ ಆಲದ ಬೋನ್ಸಾಯ್ ಎರಡು ಮೂರು ಅಡಿ ಎತ್ತರ, ಅದಕ್ಕಿಂತ ಹೆಚ್ಚು ಅಗಲ ಇದ್ದರೆ ಮಾತ್ರ ಶೋಭಿಸುತ್ತದೆ. ಅಂಗೈಯಗಲದ ಕುಂಡದಲ್ಲಿ ನಾಲ್ಕು ಎಲೆಯ ಆಲ ಒಂದು ಕುತೂಹಲದ ವಸ್ತು, ಮರವಲ್ಲ.

ಪಿಲಾಲ (ಫೈಕಸ್ ಮೈಕ್ರೋಕಾರ್ಪ) ಚಿಕ್ಕ ಎಲೆಯ, ಧಾರಾಳವಾಗಿ ಬಿಳಲು ಬಿಡುವ, ಕತ್ತರಿಸಿದಲ್ಲೆಲ್ಲ ಚಿಗುರುವ ಮರ. ಆಲದ ಚಿತ್ರವನ್ನು ಕಿರಿದಾದ ಅಳತೆಯಲ್ಲಿ ತೋರಿಸಲು ಇದಕ್ಕಿಂತ ಉತ್ತಮವಾದುದಿಲ್ಲ; ಕಲಿಯುವವರು ಆರಂಭಿಸಬೇಕಾದುದೂ ಇದರಿಂದಲೇ.

ಅರಳಿಯ (ಫೈಕಸ್ ರಿಲಿಜಿಯೋಸ) ಬಾಲವುಳ್ಳ ಎಲೆ ಮನಮೋಹಕ. ಆದರೆ ಇದರ ರೆಂಬೆಗಳು ಸಣ್ಣಸಣ್ಣದಾಗಿ ಕವಲೊಡೆಯಲು ಒಲ್ಲವು. ಸವರಿದ ರೆಂಬೆ ಕೆಲವೊಮ್ಮೆ ಹಿಂದಕ್ಕೆ ಒಣಗಿಬರುತ್ತದೆ. ಅರಳಿಯಲ್ಲಿ ಆಲದಂಥ ಬಿಳಲುಗಂಬಗಳೂ ಇರುವುದಿಲ್ಲ. ಅದರ ಸಹಜ ಸೌಂದರ್ಯ ಏಣೇಣಾದ, ಹಲವು ಕಾಂಡಗಳು ಬೆಸೆದಂತೆ ತೋರುವ ಬುಡದಲ್ಲಿದೆ. ಹೀಗಾಗಿ ಬಂಡೆಯನ್ನೋ ಹಳೆಯ ಇಟ್ಟಿಗೆಯನ್ನೋ ಬೇರುಗಳು ತಬ್ಬಿಕೊಂಡ ರೂಪ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಅತ್ತಿಯ (ಫೈಕಸ್ ರೆಸೆಮೋಸ) ವಿಶೇಷ ಕಾಂಡದ ಮೇಲೆಯೇ ಗೊಂಚಲಾಗಿ ಬಿಡುವ ಕಾಯಿ. ಎಲೆಯಂತೆ ಕಾಯಿಯ ಗಾತ್ರ ಕಿರಿದಾಗುವುದಿಲ್ಲ. ಒಂದಡಿಯ ಗಿಡದ ಮೇಲೆ ಪೂರ್ಣ ಗಾತ್ರದ ಅತ್ತಿಕಾಯಿ ಕೂತರೆ ಅಳತೆಯ ಭ್ರಮೆ ಒಡೆದುಹೋಗುತ್ತದೆ. ಬಸರಿ (ಫೈಕಸ್ ವೈರೆನ್ಸ್) ಎಲೆಯುದುರಿಸಿ, ಕೆಲವೇ ದಿನಗಳಲ್ಲಿ ನಸುಗೆಂಪು ಚಿಗುರು ತುಂಬಿಕೊಳ್ಳುವ ಮರ. ಋತುಭೇದ ತೋರುವ ಬೋನ್ಸಾಯ್ ಬೇಕೆನ್ನುವವರಿಗೆ ಸೂಕ್ತ. ಗೋಣಿ ಮರದ ಹಳೆಯ ಶಾಸ್ತ್ರೀಯ ಹೆಸರು ಫೈಕಸ್ ಮೈಸೊರೆನ್ಸಿಸ್ ಎಂಬುದು. ನಮ್ಮ ನಾಡಿನ ಹೆಸರನ್ನೇ ಹೊತ್ತ ಈ ಮರ ಬೋನ್ಸಾಯ್‌ಗಾರರ ಅಂಗಳದಲ್ಲಿ ಅಪರೂಪವಾಗಿರುವುದು ವಿಷಾದದ ಸಂಗತಿ. ದೊಡ್ಡ ಎಲೆ ಅದಕ್ಕೊಂದು ಕಾರಣವಿರಬಹುದು.

ಗಿಡದ ಆಯ್ಕೆ

ಫೈಕಸ್ ಜಾತಿಗಳಲ್ಲಿ ಹೂಗಳು ಕಾಯಿಯ ಒಳಗೇ ಅಡಗಿರುತ್ತವೆ. ಪ್ರತಿಯೊಂದು ಜಾತಿಗೂ ಪರಾಗಸ್ಪರ್ಶ ಮಾಡುವ ತನ್ನದೇ ಪುಟ್ಟ ಕಣಜವಿದೆ. ಹಣ್ಣು ತಿಂದ ಹಕ್ಕಿಗಳ ಹಿಕ್ಕೆಯ ಮೂಲಕ ಬೀಜಗಳು ಗೋಡೆಯ ಬಿರುಕು, ಈಚಲು ಮರದ ಸಂದು, ಸೇತುವೆಯ ಕಲ್ಲು, ಬಾವಿಯ ಕಟ್ಟೆಗಳನ್ನು ಸೇರಿ ಮೊಳೆಯುತ್ತವೆ. ಮಣ್ಣಿಲ್ಲದ ಅಂಥ ಜಾಗದಲ್ಲಿ ಹತ್ತಾರು ವರ್ಷ ಬದುಕಿದ ಗಿಡ ಆಗಲೇ ಅರ್ಧ ಬೋನ್ಸಾಯ್ ಆಗಿರುತ್ತದೆ: ಕಾಂಡ ಗಿಡ್ಡ, ಬುಡ ದಪ್ಪ, ಬೇರು ಚಪ್ಪಟೆ. ಹಳೆಯ ಮನೆ ಕೆಡಹುವಾಗ ಮಾಲೀಕರ ಅನುಮತಿ ಪಡೆದು ಇಂಥ ಗಿಡಗಳನ್ನು ಬಿಡಿಸಿ ತರುವುದು ಅತ್ಯುತ್ತಮ ಆರಂಭ. ಕೆಡಹಿದ ಕಸದೊಡನೆ ಹೇಗೂ ಸಾಯಲಿದ್ದ ಗಿಡ ಹೀಗೆ ಉಳಿಯುತ್ತದೆ.

ಆದರೆ ಸಂರಕ್ಷಿತ ಸ್ಮಾರಕಗಳ ವಿಷಯ ಬೇರೆ. ಬೇಲೂರು, ಹಳೇಬೀಡುಗಳಂಥ ದೇವಾಲಯಗಳು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ರಕ್ಷಣೆಯಲ್ಲಿವೆ. ಸೋಮನಾಥಪುರವೂ ಸೇರಿ ಹೊಯ್ಸಳರ ಈ ದೇವಾಲಯಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿವೆ. ಕಲ್ಲಿನ ಸಂದಿಯಲ್ಲಿ ಹುಟ್ಟಿದ ಅರಳಿಯ ಸಸಿ ಸ್ಮಾರಕಕ್ಕೆ ಅಪಾಯವೇ ಹೌದು. ಆದರೂ ಅದನ್ನು ಸಂದರ್ಶಕರು ಕೀಳುವುದು ಅಪರಾಧ ಮಾತ್ರವಲ್ಲ, ಬೇರಿನೊಡನೆ ಕಲ್ಲಿನ ಚಕ್ಕೆಯೂ ಏಳುವುದರಿಂದ ಹಾನಿಕರವೂ ಹೌದು. ಅದನ್ನು ಪುರಾತತ್ತ್ವ ಇಲಾಖೆಗೆ ಬಿಡಬೇಕು. ಅರಣ್ಯಭೂಮಿಯಿಂದ ಗಿಡ ಅಗೆದು ತರುವುದಕ್ಕೂ ಕಾನೂನಿನ ನಿರ್ಬಂಧವಿದೆ.

ಕೊಂಬೆ ನೆಟ್ಟು ಬೆಳೆಸುವುದು ಇನ್ನೊಂದು ದಾರಿ. ಗೂಟಿ ಕಟ್ಟಿ ಬೇರು ಬರಿಸಿದರೆ ಕವಲೊಡೆದ ದಪ್ಪ ಕೊಂಬೆಯನ್ನೇ ಒಂದು ಮಳೆಗಾಲದಲ್ಲಿ ಪ್ರತ್ಯೇಕ ಗಿಡವಾಗಿ ಪಡೆಯಬಹುದು. ಹಲವು ಎಳೆಯ ಸಸಿಗಳನ್ನು ಒಟ್ಟಿಗೆ ಬಿಗಿದು ಕಟ್ಟಿ ಬೆಸೆಯುವ ಕ್ರಮವೂ ಉಂಟು. ಫೈಕಸ್ ಕಾಂಡಗಳು ಒತ್ತಿದಲ್ಲಿ ಕೂಡಿಕೊಳ್ಳುವ ಸ್ವಭಾವದವಾದ್ದರಿಂದ ಕೆಲವು ವರ್ಷಗಳಲ್ಲಿ ಅವು ಒಂದೇ ಹಳೆಯ ಕಾಂಡದಂತೆ ತೋರುತ್ತವೆ.

ರೂಪಿಸುವ ವಿಧಾನ

ಆಲದ ನೆತ್ತಿ ತನ್ನ ಎತ್ತರಕ್ಕಿಂತ ಅಗಲವಾಗಿರುತ್ತದೆ. ಆದ್ದರಿಂದ ಮೊದಲ ಕೆಲಸ ನಡುಚಿಗುರನ್ನು ತಡೆಯುವುದು. ಕಾಂಡವನ್ನು ತಗ್ಗಿನಲ್ಲಿಯೇ ಕಡಿದು, ಒಂದೇ ಎತ್ತರದ ಆಸುಪಾಸಿನಲ್ಲಿ ಮೂರು ನಾಲ್ಕು ದಪ್ಪ ಕೊಂಬೆಗಳು ಬೇರೆ ಬೇರೆ ದಿಕ್ಕಿಗೆ ಹೊರಡುವಂತೆ ಮಾಡಬೇಕು. ಪೈನ್ ಮಾದರಿಯಲ್ಲಿ ಇದನ್ನು ದೋಷವೆಂದು ಎಣಿಸುತ್ತಾರೆ, ಏಕೆಂದರೆ ಕೊಂಬೆಗಳು ಅಲ್ಲಿ ಮೆಟ್ಟಿಲಿನಂತೆ ಒಂದರ ಮೇಲೊಂದು ಬರಬೇಕು. ಆಲದಲ್ಲಿ ಅದೇ ಲಕ್ಷಣ. ಕೊಂಬೆಗಳು ಮೊದಲು ಓರೆಯಾಗಿ ಮೇಲೇರಿ, ಆಮೇಲೆ ಅಡ್ಡಲಾಗಿ ಚಾಚಿ, ತುದಿಯಲ್ಲಿ ತಮ್ಮ ಭಾರಕ್ಕೆ ತುಸು ಇಳಿದಿರಬೇಕು. ಎಲೆಗಳು ಬಿಡಿ ಮೋಡಗಳಾಗದೆ ಒಂದೇ ಚಪ್ಪರವಾಗಿ ಕೂಡಿಕೊಂಡು, ಕೆಳಗಿನಿಂದ ನೋಡಿದಾಗ ಕೊಂಬೆಗಳ ಹೆಣಿಗೆ ಕಾಣುವಂತಿದ್ದರೆ ಸೊಗಸು. ಅದರ ಕೆಳಗೆ ಊರಿನ ಪಂಚಾಯ್ತಿ ಕೂರಬಹುದು ಎನ್ನಿಸಬೇಕು.

ತಂತಿಗೆ ಮೆತುವಾದ ಅಲ್ಯೂಮಿನಿಯಮ್ ಸಾಕು. ಫೈಕಸ್ ಬೇಗನೆ ದಪ್ಪವಾಗುವುದರಿಂದ ಬೆಳವಣಿಗೆಯ ಕಾಲದಲ್ಲಿ ಒಂದೆರಡು ತಿಂಗಳಿಗೇ ತಂತಿ ತೊಗಟೆಗೆ ಕಚ್ಚಿ ಸುರುಳಿ ಗುರುತು ಉಳಿಸುತ್ತದೆ. ಸಹಜ ಶೈಲಿಯಲ್ಲಿ ಅದಕ್ಕಿಂತ ದೊಡ್ಡ ಕಳಂಕವಿಲ್ಲ. ವಾರಕ್ಕೊಮ್ಮೆ ನೋಡುತ್ತಿದ್ದು, ಕಚ್ಚುವ ಸೂಚನೆ ಕಂಡೊಡನೆ ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು, ಬಿಚ್ಚಲು ಹೋಗಬಾರದು. ಕತ್ತರಿಸಿದಲ್ಲಿ ಬಿಳಿಯ ಸೊನೆ ಸುರಿಯುತ್ತದೆ. ಅದು ಗಿಡಕ್ಕೆ ಹಾನಿಯಲ್ಲ. ನೀರು ಚಿಮುಕಿಸಿದರೆ ನಿಲ್ಲುತ್ತದೆ. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ, ಕಣ್ಣಿಗಂತೂ ತಾಗಬಾರದು.

ಬಿಳಲುಗಳೇ ಈ ಕಲೆಯ ಜೀವ. ಗಾಳಿಯಲ್ಲಿ ತೇವವಿದ್ದರೆ ಅವು ತಾವಾಗಿ ಇಳಿಯುತ್ತವೆ. ಇಳಿಯದಿದ್ದರೆ ಕೊಂಬೆಯ ಕೆಳಭಾಗದಲ್ಲಿ ತೊಗಟೆಯನ್ನು ತುಸು ಗೀರಿ, ಒದ್ದೆ ಪಾಚಿಯನ್ನು ಕಟ್ಟಿಟ್ಟು ಹೊರಡಿಸಬಹುದು. ಹೊರಟ ಎಳೆಬೇರನ್ನು ಎಳನೀರು ಕುಡಿಯುವ ಸ್ಟ್ರಾ ಒಳಗೆ ತೂರಿಸಿ, ಅದರಲ್ಲಿ ಮರಳು ತುಂಬಿ ಕುಂಡದ ಮಣ್ಣಿಗೆ ಮುಟ್ಟಿಸಿದರೆ ಒಣಗದೆ ನೆಲ ಸೇರುತ್ತದೆ. ನೆಲ ಹಿಡಿದ ಬಿಳಲು ಬಿಗಿಯಾಗುತ್ತ, ಬೇಗನೆ ದಪ್ಪವಾಗುತ್ತ ಕಂಬವಾಗುತ್ತದೆ. ಅದರ ಮೇಲಿನ ಕೊಂಬೆಯೂ ಅದರಿಂದ ಆಹಾರ ಪಡೆದು ಬಲಿಯುತ್ತದೆ. ಇಲ್ಲಿ ಸಂಯಮ ಬೇಕು. ಬಂದ ಬಿಳಲನ್ನೆಲ್ಲ ನೆಲಕ್ಕೆ ಬಿಟ್ಟರೆ ಕುಂಡದಲ್ಲಿ ಬೇಲಿ ಹಾಕಿದಂತಾಗುತ್ತದೆ. ನಿಜವಾದ ಆಲದಲ್ಲಿ ಕಾಂಡದ ಹತ್ತಿರದ ಬಿಳಲುಗಳು ಹಳೆಯವು, ದಪ್ಪ; ಹೊರಗೆ ಹೋದಂತೆ ಎಳೆಯವು, ಸಪೂರ; ಅಂಚಿನವು ನೆಲ ಮುಟ್ಟದೆ ಜಡೆಯಂತೆ ತೂಗುತ್ತಿರುತ್ತವೆ. ವಯಸ್ಸಿನ ಈ ಕ್ರಮ ಕೆಟ್ಟರೆ, ಕುಂಡದ ಅಂಚಿನಲ್ಲಿ ದಪ್ಪ ಕಂಬ ನಿಂತು ಒಳಗೆ ಸಪೂರದ್ದು ಬಂದರೆ, ನೋಡುವವರಿಗೆ ಕಾರಣ ಹೊಳೆಯದಿದ್ದರೂ ಏನೋ ಸುಳ್ಳೆನಿಸುತ್ತದೆ.

ಎಲೆ ಕಿರಿದಾಗಿಸಲು ಗಿಡ ಹುರುಪಾಗಿರುವಾಗ ತೊಟ್ಟು ಉಳಿಸಿ ಎಲೆಗಳನ್ನೆಲ್ಲ ಕತ್ತರಿಸುತ್ತಾರೆ; ಮುಂದಿನ ಎಲೆಗಳು ಚಿಕ್ಕದಾಗಿ ಬರುತ್ತವೆ. ವರ್ಷಕ್ಕೊಮ್ಮೆಗಿಂತ ಹೆಚ್ಚು ಮಾಡಬಾರದು, ಕುಂಡ ಬದಲಿಸಿದ ವರ್ಷ ಬೇಡವೇ ಬೇಡ.

ಮಣ್ಣು, ನೀರು, ಹವೆ

ಹಾಸನ ಜಿಲ್ಲೆಯೊಳಗೇ ಎರಡು ಹವೆಗಳಿವೆ. ಮಲೆನಾಡಿನ ಅಂಚಿನ ಅರೇಹಳ್ಳಿಯಲ್ಲಿ ಮುಂಗಾರು ತಿಂಗಳುಗಟ್ಟಲೆ ಬಿಡದೆ ಸುರಿಯುತ್ತದೆ. ತೆಂಗಿನ ಸೀಮೆಯಾದ ಅರಸೀಕೆರೆ ಬಯಲುಸೀಮೆಗೆ ಸೇರಿದ್ದು, ಮಳೆ ಕಡಿಮೆ. ಒಂದೇ ಪುಸ್ತಕದ ಮಣ್ಣಿನ ಪ್ರಮಾಣವನ್ನು ಎರಡೂ ಕಡೆ ಅನುಸರಿಸಿದರೆ ಒಂದು ಕಡೆ ಬೇರು ಕೊಳೆಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ಮಲೆನಾಡಿನಲ್ಲಿ ಜರಡಿ ಹಿಡಿದ ಇಟ್ಟಿಗೆ ಚೂರು ಮತ್ತು ದಪ್ಪ ಮರಳಿನ ಪಾಲು ಮುಕ್ಕಾಲರಷ್ಟಿದ್ದು, ಉಳಿದದ್ದು ಚೆನ್ನಾಗಿ ಕಳಿತ ಎಲೆಗೊಬ್ಬರವಿರಲಿ. ಬಯಲುಸೀಮೆಯಲ್ಲಿ ಗೊಬ್ಬರ ಮತ್ತು ಕೆಮ್ಮಣ್ಣಿನ ಪಾಲನ್ನು ಅರ್ಧದವರೆಗೆ ಏರಿಸಬಹುದು, ತೆಂಗಿನ ನಾರಿನ ಪುಡಿಯನ್ನು ಸ್ವಲ್ಪ ಸೇರಿಸಬಹುದು. ಬಿಳಲು ಬರುವುದರಲ್ಲಿಯೂ ಈ ಭೇದ ಕಾಣುತ್ತದೆ. ಅರೇಹಳ್ಳಿಯ ಕಡೆ ಮಳೆಗಾಲದಲ್ಲಿ ಕೇಳದೆಯೇ ಬರುವ ಬಿಳಲನ್ನು ಅರಸೀಕೆರೆಯಲ್ಲಿ ನೀರು ಸಿಂಪಡಿಸಿ, ನೆರಳು ಬಲೆ ಕಟ್ಟಿ ಬರಿಸಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಬಯಲುಸೀಮೆಯ ಬಿಸಿಲಿನಲ್ಲಿ ಎಲೆ ಚಿಕ್ಕದಾಗಿ, ಗಿಣ್ಣುಗಳು ಒತ್ತೊತ್ತಾಗಿ ಬರುತ್ತವೆ.

ಕುಂಡ ಬದಲಿಸಲು ಕಾಫಿನಾಡಿನ ಹೂಮಳೆಯ ನಂತರ, ಮುಂಗಾರಿಗೆ ಮುಂಚಿನ ದಿನಗಳು ಪ್ರಶಸ್ತ. ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಎತ್ತಿ, ಬೇರಿನ ಮೂರನೆಯ ಒಂದು ಭಾಗ ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಟ್ಟು ಎರಡು ವಾರ ನೆರಳಿನಲ್ಲಿಡಬೇಕು. ಕುಂಡ ಅಗಲವಾಗಿ, ಆಳವಿಲ್ಲದೆ, ಹೊಳಪು ಬಣ್ಣವಿಲ್ಲದ ಮಣ್ಣಿನದಾಗಿದ್ದರೆ ಆಲಕ್ಕೆ ಒಪ್ಪುತ್ತದೆ. ಫೈಕಸ್ ಬಿಸಿಲಿನ ಮರ. ಮನೆಯೊಳಗೆ ಮೇಜಿನ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಎಲೆ ಉದುರಿಸಿ ಸೊರಗುತ್ತದೆ. ಅತಿಥಿಗಳು ಬಂದ ದಿನ ಒಳಗೆ ತಂದು ಮರುದಿನ ಹೊರಗಿಡುವುದು ಸರಿಯಾದ ಕ್ರಮ. ಪಿಲಾಲದ ಎಲೆಗಳನ್ನು ಮಡಚಿ ಒಳಗೆ ವಾಸಿಸುವ ಥ್ರಿಪ್ಸ್, ರೆಂಬೆಗೆ ಅಂಟುವ ಹಿಟ್ಟುತಿಗಣೆ ಮತ್ತು ಶಲ್ಕಕೀಟಗಳು ಸಾಮಾನ್ಯ ಬಾಧೆಗಳು. ಮಡಚಿದ ಎಲೆಗಳನ್ನು ಕಿತ್ತು ಸುಟ್ಟು, ಬೇವಿನ ಎಣ್ಣೆಯನ್ನು ಸಾಬೂನು ನೀರಿನೊಡನೆ ಸಿಂಪಡಿಸಿದರೆ ಹತೋಟಿಗೆ ಬರುತ್ತವೆ. ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ತಿಗಣೆ ಇದೆಯೆಂದೇ ತಿಳಿಯಬೇಕು.

ನಂಬಿಕೆಗಳು ಮತ್ತು ಆಕ್ಷೇಪಗಳು

ಆಲ, ಅರಳಿಗಳು ಪೂಜೆಗೊಳ್ಳುವ ಮರಗಳಾದ್ದರಿಂದ ಅವುಗಳನ್ನು ಕುಬ್ಜಗೊಳಿಸುವುದು ಸಲ್ಲದು ಎಂಬ ಭಾವನೆ ಅನೇಕರಲ್ಲಿದೆ. ಬೋನ್ಸಾಯ್ ಮನೆಯ ಏಳಿಗೆಯನ್ನು ಕುಂಠಿತಗೊಳಿಸುತ್ತದೆ ಎಂದು ವಾಸ್ತುವಿನ ಹೆಸರಿನಲ್ಲಿ ಹೇಳುವವರೂ ಇದ್ದಾರೆ. ಅರಳಿಯ ಸಸಿ ಮನೆಯ ಗೋಡೆಯಲ್ಲಿ ಬೆಳೆಯಬಾರದು ಎಂಬ ಹಿರಿಯರ ಮಾತಿಗೆ ಗೋಡೆ ಬಿರಿಯುತ್ತದೆ ಎಂಬ ಸರಳ ಕಾರಣವಿದೆ; ಕುಂಡದ ಗಿಡಕ್ಕೆ ಆ ಕಾರಣ ಅನ್ವಯಿಸದು. ಮರಕ್ಕೆ ಹಿಂಸೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಬೋನ್ಸಾಯ್ ಆಹಾರ ಕೊಡದೆ ಸೊರಗಿಸಿದ ಗಿಡವಲ್ಲ. ನೀರು, ಗೊಬ್ಬರ, ಬಿಸಿಲು ಸರಿಯಾಗಿ ಸಿಗದಿದ್ದರೆ ಅದು ಕುಬ್ಜವಾಗುವುದಿಲ್ಲ, ಸಾಯುತ್ತದೆ. ಅದರ ವಂಶಗುಣವೂ ಬದಲಾಗುವುದಿಲ್ಲ. ಅದರ ಕೊಂಬೆಯನ್ನು ಬಯಲಿನಲ್ಲಿ ನೆಟ್ಟರೆ ದೊಡ್ಡ ಮರವೇ ಆಗುತ್ತದೆ. ಜಪಾನಿನ ಯಮಾಕಿ ಕುಟುಂಬದ ಬಿಳಿ ಪೈನ್ 1625ರಿಂದ ಕುಂಡದಲ್ಲಿದ್ದು, 1945ರ ಹಿರೋಷಿಮಾ ಬಾಂಬ್ ದಾಳಿಯಲ್ಲಿಯೂ ಉಳಿದು, 1976ರಲ್ಲಿ ಅಮೆರಿಕಕ್ಕೆ ಕೊಡುಗೆಯಾಗಿ ಹೋಗಿ ವಾಷಿಂಗ್ಟನ್‌ನಲ್ಲಿದೆ. ಸೊರಗಿಸಿದ ಗಿಡ ಅಷ್ಟು ಬಾಳಲಾರದು. ಹಾಗಿದ್ದರೂ, ಕುಂಡದ ಆಲದ ಕೆಳಗೆ ಹಕ್ಕಿ ಗೂಡು ಕಟ್ಟುವುದಿಲ್ಲ, ದಾರಿಹೋಕ ಕೂರುವುದಿಲ್ಲ. ರಸ್ತೆ ವಿಸ್ತರಣೆಗೆ ಬಲಿಯಾದ ಮರಕ್ಕೆ ಅದು ಪರಿಹಾರವೆಂದು ಯಾರೂ ಭಾವಿಸಬೇಕಾಗಿಲ್ಲ.

ಕರ್ನಾಟಕದಲ್ಲಿ

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿ ಬೋನ್ಸಾಯ್ ಉದ್ಯಾನವಿದೆ. ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವಗಳ ವೇಳೆಗೆ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳಲ್ಲಿಯೂ ಬೋನ್ಸಾಯ್ ಗಿಡಗಳನ್ನು ಕಾಣಬಹುದು. ಮೈಸೂರಿನ ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ಫೈಕಸ್ ಜಾತಿಗಳೂ ಸೇರಿದಂತೆ ಹಲವು ಬಗೆಯ ಮರಗಳು ಪ್ರದರ್ಶನಕ್ಕಿವೆ. ಈ ಸಂಗ್ರಹಗಳನ್ನು ನೋಡುವವರು ಶಾಸ್ತ್ರೀಯ ಮಾದರಿಯಲ್ಲಿ ರೂಪಿಸಿದ ಒಂದು ಫೈಕಸ್ ಗಿಡವನ್ನೂ, ಬ���ಳಲು ಬಿಟ್ಟು ಹರಡಿದ ಇನ್ನೊಂದನ್ನೂ ಹೋಲಿಸಿ, ಅದೇ ದಿನ ಲಾಲ್‌ಬಾಗಿನ ಹಳೆಯ ದೊಡ್ಡ ಮರಗಳ ಕೆಳಗೆ ನಿಂತು ಕೊಂಬೆಗಳು ಹೊರಡುವ ಬಗೆಯನ್ನು ಗಮನಿಸಿದರೆ, ಮೇಲೆ ವಿವರಿಸಿದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಾಸನ ಜಿಲ್ಲೆಯವರಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಬೇಲೂರಿನಿಂದ ಅರೇಹಳ್ಳಿಯ ಕಡೆಗೆ ಹೋಗುವ ದಾರಿಯ ಕಾಫಿ ತೋಟಗಳಲ್ಲಿ, ಮರಗಸಿ ಮುಗಿದು ಚಿಗುರು ಇನ್ನೂ ತುಂಬಿಕೊಳ್ಳದ ವಾರಗಳಲ್ಲಿ, ಅತ್ತಿ ಬಸರಿಗಳ ಕೊಂಬೆಗಳ ವಿನ್ಯಾಸ ಎಲೆಯ ಮರೆಯಿಲ್ಲದೆ ಸ್ಪಷ್ಟವಾಗಿ ಕಾಣುತ್ತದೆ.